ಎರಡು ಬೆರಳು ಜಾಗ

ಮಧುಗಿರಿ
12 ಮಾರ್ಚ್ 1936

ಪ್ರೀತಿಯ ಅಖ್ತರ್,

ಇಲ್ಲಿ ಎಲ್ಲರೂ ಸೌಖ್ಯ, ಅಲ್ಲೂ ಹಾಗೇ ಅಂದುಕೊಂಡು ನೇರ ವಿಷಯಕ್ಕೆ ಬರುತ್ತೇನೆ. ಮಾತು ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ.

ನನಗೆ ಕೆಲಸ ಸಿಕ್ಕಿದೆ ಕಣೇ. ಇಲ್ಲಿನ ಹೆಂಗಸರ ಆಸ್ಪತ್ರೆಗೆ ಬಂದಿರುವ ಇಂಗ್ಲಿಷ್ ಡಾಕ್ಟರಮ್ಮ ಮಿಸ್ ಹಾರ್ಟ್ಲಿಯವರಿಗೆ ಸಂಜೆ ಹೊತ್ತು ಕನ್ನಡ ಕಲಿಸುವ ಕೆಲಸ. ಸಿರಾ ಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದ್ದು ಕಡೆಗೂ ಯಾರಿಗೋ ಉಪಯೋಗಕ್ಕೆ ಬಂತು. ಗಂಡ ತೀರಿಕೊಂಡು ಅಣ್ಣನ ಮನೆ ಸೇರಿದ ಮೇಲೆ ನಾನು ಓದಿದವಳು ಅನ್ನುವುದನ್ನೇ ಎಲ್ಲರೂ ಮರೆತಿದ್ದರು. ಪರ್ವತಯ್ಯಣ್ಣ ಮೊದಲು ಬೇಡವೇ ಬೇಡ ಅಂದ. ಡಾಕ್ಟರಮ್ಮ ತಾವೇ ಅವನ ಬಟ್ಟೆ ಅಂಗಡಿಗೆ ಹೋಗಿ ಕೇಳಿದ ಮೇಲೆ ಈಗ ಪೇಟೆಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ.

ನನ್ನ ಆಸೆ ಬೇರೆ ಇದೆ. ಬರುವ ಜನವರಿಗೆ ಅವರಿಗೆ ಬೆಂಗಳೂರಿಗೆ ವರ್ಗ. ಅಲ್ಲಿನ ಆಸ್ಪತ್ರೆಯಲ್ಲಿ ಹೆಂಗಸರಿಗೆ ಹೆರಿಗೆ ಮಾಡಿಸುವ ತರಬೇತಿ ಕೊಡುತ್ತಾರೆ, ಉಳಿಯಲು ಹಾಸ್ಟೆಲ್ಲೂ ಇದೆ. ಡಾಕ್ಟರಮ್ಮ ಒಂದು ಮಾತು ಹೇಳಿದರೆ ಸೀಟು ಸಿಕ್ಕ ಹಾಗೇ. ಅಖ್ತರ್, ನನಗೆ ಆ ಸೀಟು ಬೇಕು. ಅಣ್ಣನ ಮಕ್ಕಳ ಮೂಗು ಒರೆಸುತ್ತಾ ಮುದುಕಿಯಾಗಲು ನನಗೆ ಇಷ್ಟವಿಲ್ಲ. ಇನ್ನೂ ಬಾಯಿ ಬಿಟ್ಟು ಕೇಳಿಲ್ಲ, ಮೊದಲು ಅವರ ಮನಸ್ಸು ಗೆಲ್ಲೋಣ ಅಂತ ಕಾಯುತ್ತಿದ್ದೇನೆ.

ಗೆಲ್ಲುವ ದಾರಿಯೂ ಸಿಕ್ಕಿದೆ. ಪಾಠದ ಹೊತ್ತಿಗೆ ಡಾಕ್ಟರಮ್ಮ ಜಿನ್ ಕುಡಿಯುತ್ತಾರೆ. ನೋಡಲು ನೀರಿನಂತಿರುವ ಸಾರಾಯಿ ಅದು. ಅವರ ಬಟ್ಲರ್ ಮಗಳ ಮದುವೆಗೆಂದು ಊರಿಗೆ ಹೋದವನು ವಾಪಸು ಬಂದಿಲ್ಲ, ಅದಕ್ಕೇ ದಿನವೂ ಅದೇ ನಿಂಬೆರಸ, ಅದೇ ಗೋಲಿ ಸೋಡಾ, ಮುಖ ಸೊಟ್ಟಗೆ. ಮೊನ್ನೆ ಸೆಕೆ ಅಂತ ನಾನೇ ಬೇಲದ ಹಣ್ಣಿನ ಪಾನಕ ಮಾಡಿಕೊಟ್ಟೆ. ಲೋಟದ ಅಂಚಿನವರೆಗೆ ತುಂಬಿಸಿದೆ. ತುಂಬದ ಲೋಟ ಕೊಟ್ಟರೆ ಬಂದವರಿಗೆ ಅವಮಾನ ಅಂತಲ್ಲವೇ ನಮ್ಮ ಮನೆಗಳಲ್ಲಿ. ಅವರು ಲೋಟ ನೋಡಿದರು, ಬಾಟಲಿ ನೋಡಿದರು. ಜಿನ್ನಿಗೆ ಜಾಗವಿಲ್ಲ. ದಾಕ್ಷಿಣ್ಯಕ್ಕೆ ಒಂದಿಷ್ಟು ಕುಡಿದು, ಆಮೇಲೆ ಸುರಿದುಕೊಂಡು, ಕಣ್ಣರಳಿಸಿದರು. ಮಾರನೆಯ ದಿನವೂ ನಾನು ತುಂಬಿಸಿಯೇ ಕೊಟ್ಟೆ. ಆಗ ನಿಧಾನವಾಗಿ ಕನ್ನಡದಲ್ಲೇ ಹೇಳಿದರು, "ಜಗದಾಂಬಾ, ಎರಡು ಬೆರಳು ಜಾಗ ಬಿಡು." ಅವರು ತಪ್ಪಿಲ್ಲದೆ ಆಡಿದ ಮೊದಲ ಕನ್ನಡ ವಾಕ್ಯ ಅದು.

ನಿನ್ನ ಯಜಮಾನರು ಜಹೀರ್ ಅಹಮದ್ ಭಾಯಿ ಬೆಂಗಳೂರು ದಂಡಿನ ದೊಡ್ಡ ಹೋಟೆಲಿನಲ್ಲಿ ಬೇರರ್ ಅಲ್ಲವೇ. ದೊರೆಗಳಿಗೆ ಜಿನ್ ಜೊತೆ ಏನೇನು ಬೆರೆಸಿ ಕೊಡುತ್ತಾರೆ ಅಂತ ಅವರನ್ನು ಕೇಳಿ ಬರಿ. ಯುಗಾದಿ ಬರುತ್ತಿದೆ, ಏನಾದರೂ ವಿಶೇಷವಾಗಿ ಮಾಡಬೇಕು. ಆ ಬಾಟಲಿಯನ್ನು ಮಾತ್ರ ನಾನು ಮುಟ್ಟುವುದಿಲ್ಲ.

ನಿನ್ನ
ಜಗದಾಂಬ

ಸಿರಾ
16 ಮಾರ್ಚ್ 1936

ಜಗದಾ,

ನಿನ್ನ ಕಾಗದ ಓದುವಾಗ ನಗು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಳ್ಳಬೇಕಾಯಿತು. ಅತ್ತೆ ರಹಮತ್ ಬಿ ಪಕ್ಕದಲ್ಲೇ ಕೂತಿದ್ದರು. "ಏನಂತೆ ಆ ಹುಡ್ಗೀದು?" ಅಂದರು. "ಪಾನಕದ ಇಸ್ಯ ಅಮ್ಮೀ" ಅಂದೆ. ಸುಳ್ಳೇನಲ್ಲವಲ್ಲ.

ಇವರನ್ನು ಕೇಳಿದೆ, ಜವಾಬು ಬಂದಿದೆ. ಹೋಟೆಲಿನಲ್ಲಿ ಬೇಸಿಗೆಗೆ ಹೀಗೆ ಮಾಡುತ್ತಾರಂತೆ. ಮಾವಿನಕಾಯನ್ನು ಕೆಂಡದಲ್ಲಿ ಹೂತು ಸುಡು, ಸಿಪ್ಪೆ ಕಪ್ಪಾಗಬೇಕು, ಒಳಗೆ ಬೆಣ್ಣೆಯಾಗಬೇಕು. ತಿರುಳು ಕಿವುಚಿ, ಬೆಲ್ಲ ಹಾಕಿ, ಬಟ್ಟೆಯಲ್ಲಿ ಸೋಸು. ಪುದೀನದ ಎಲೆ ಅರೆಯಬೇಡ, ಅಂಗೈ ಮೇಲಿಟ್ಟು ಒಂದು ಏಟು ಹೊಡೆದು ಹಾಕು. ಒಂದು ಚಿಟಿಕೆ ಉಪ್ಪು. ಹೂಜಿಯ ನೀರು ಬೆರೆಸು, ಬಾವಿಯದು ಬೇಡ. ಲೋಟ ತುಂಬಿಸಬೇಡ, ನಿನ್ನ ಮರ್ಯಾದೆಯನ್ನು ಬೇರೆಲ್ಲಾದರೂ ತೋರಿಸು. ನಿಮ್ಮ ಹಬ್ಬಕ್ಕೆ ಬೆಲ್ಲದ ನೀರಿಗೆ ನಿಂಬೆರಸ ಹಿಂಡಿ, ಬೇವಿನ ಹೂವನ್ನೇ ತುಪ್ಪ ಹಾಕದೆ ಹುರಿದು ಮೇಲೆ ಉದುರಿಸು. ದೊರೆಗಳೂ ಜಿನ್ನಿಗೆ ಏನೋ ಕಹಿ ಹನಿಸಿಕೊಳ್ಳುತ್ತಾರಂತೆ.

ಬಾಟಲಿ ಮುಟ್ಟುವುದಿಲ್ಲ ಅಂತ ಬರೆದಿದ್ದೀಯಲ್ಲ, ಒಳ್ಳೆಯದು. ನೀನು ಲಿಂಗ ಕಟ್ಟಿದವಳು, ನಾನು ನಮಾಜು ಮಾಡುವವಳು, ಇಬ್ಬರೂ ಸೇರಿ ಜಿನ್ನಿಗೆ ಜೊತೆ ಹುಡುಕುತ್ತಿದ್ದೇವೆ. ಬಾಟಲಿ ಅವರದು, ಸುರಿಯುವ ಕೈ ಅವರದು, ಶರಬತ್ತು ಮಾತ್ರ ನಮ್ಮದು. ದೇವರು ಕೇಳಿದರೆ ಇಷ್ಟೇ ಹೇಳು, ನಾನೂ ಇಷ್ಟೇ ಹೇಳುತ್ತೇನೆ.

ಸೀಟಿನ ವಿಷಯ ಬೇಗ ಕೇಳು. ಕಾಯುತ್ತಾ ಕೂತರೆ ಬೇರೆ ಯಾರೋ ಹೋಗಿ ಕೂರುತ್ತಾರೆ.

ಅಖ್ತರ್

ಮಧುಗಿರಿ
27 ಮಾರ್ಚ್ 1936

ಅಖ್ತರ್, ನನ್ನ ಬಂಗಾರ,

ಬೆಂಗಳೂರಿನ ಟಪಾಲು ಇಷ್ಟು ಬೇಗ ಹೋಗಿ ಬರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಜಹೀರ್ ಭಾಯಿಗೆ ನನ್ನ ಸಲಾಂ ತಿಳಿಸು. ಅವರ ಕೈಗೆ ಬಂಗಾರದ ಕಡಗ ಹಾಕಿಸಬೇಕು.

ಯುಗಾದಿಯ ಸಂಜೆ ನೀನು ಹೇಳಿದಂತೆ ಲೋಟ ಇಟ್ಟೆ, ಎರಡು ಬೆರಳು ಜಾಗ ಬಿಟ್ಟು. ಡಾಕ್ಟರಮ್ಮ ಜಿನ್ ಸುರಿದುಕೊಂಡು ಒಂದು ಗುಟುಕು ಕುಡಿದವರು ಮಾತಾಡಲೇ ಇಲ್ಲ. ಆಮೇಲೆ ಲೋಟ ಬರಿದು ಮಾಡಿ ಇನ್ನೊಂದು ಕೇಳಿದರು. ಹೊಸ ವರ್ಷಕ್ಕೆ ಕಹಿಯನ್ನೂ ಸಿಹಿಯನ್ನೂ ಒಟ್ಟಿಗೆ ತಿನ್ನುತ್ತೇವೆ ಅಂತ ವಿವರಿಸಿದ್ದಕ್ಕೆ, ಈ ಹಬ್ಬವನ್ನು ತಿಂಗಳಿಗೊಮ್ಮೆ ಮಾಡಲು ಬರುವುದಿಲ್ಲವೇ ಅಂದರು. ಹೀಗೆ ಜಿನ್ ಜೊತೆ ಬೆರೆಸಿದ್ದಕ್ಕೆ ಕಾಕ್‌ಟೇಲ್ ಅನ್ನುತ್ತಾರೆ, ಕೋಳಿಯ ಬಾಲ ಅಂತ ಅರ್ಥವಂತೆ. ಅತ್ತಿಗೆಗೆ ಹೇಳಿದ್ದರೆ ನನ್ನನ್ನು ಮನೆಯೊಳಗೆ ಬಿಡುತ್ತಿರಲಿಲ್ಲ.

ರುಚಿ ನೋಡದೆ ಹೇಗೆ ಮಾಡುತ್ತೀ ಅಂತ ಅವರಿಗೆ ಆಶ್ಚರ್ಯ. ನಮ್ಮ ಮನೆಯಲ್ಲಿ ಲಿಂಗಕ್ಕೆ ಅರ್ಪಿಸದೆ ಯಾವುದನ್ನೂ ನಾಲಿಗೆಗೆ ಸೋಕಿಸುವುದಿಲ್ಲ, ಸಾರಿನ ಉಪ್ಪನ್ನೂ ಮೂಗಿನಲ್ಲೇ ನೋಡುತ್ತೇವೆ ಅಂದೆ. ಹಾಗಾದರೆ ಇದರಲ್ಲೇನಿದೆ ಹೇಳು ಅಂತ ಬಾಟಲಿಯ ಬಾಯನ್ನು ನನ್ನ ಮುಂದೆ ಹಿಡಿದರು. ಮೊದಲು ಆಸ್ಪತ್ರೆಯ ಸ್ಪಿರಿಟ್ಟಿನ ವಾಸನೆ. ಅದರ ಹಿಂದೆ ಹಸಿ ಮರದ ಅಂಟಿನ ಹಾಗೆ ಏನೋ. ಅದರ ಹಿಂದೆ, ನೀನು ನಂಬುವುದಿಲ್ಲ, ನಮ್ಮ ಕೊತ್ತಂಬರಿ ಬೀಜ. ಹೇಳಿದೆ. ಇದೆ ಅಂದರು. ಇಬ್ಬರೂ ಬಹಳ ಹೊತ್ತು ನಕ್ಕೆವು.

ಮನೆಗೆ ಬಂದಾಗ ಅಣ್ಣ ಬಾಗಿಲಲ್ಲೇ ನಿಂತಿದ್ದ.

"ಏನಮ್ಮಿ ಇದು ವಾಸ್ನೆ? ಆಸ್ಪತ್ರೇದಾ, ಇನ್ಯಾತರುದ್ದಾ?"

"ಆಸ್ಪತ್ರೇದೇ ಕಣಣ್ಣ. ಡಾಕ್ಟರಮ್ಮನ ಔಸ್ದಿ."

"ಎಂಥ ಔಸ್ದೀನೋ. ಬೇವಿನ ಹೂವ ನಾತ ಹೊಡೀತದೆ."

ಇನ್ನು ಮುಂದೆ ಬರುವಾಗ ವೀಳ್ಯದೆಲೆ ಅಗಿಯುತ್ತಾ ಬರುತ್ತೇನೆ. ಸೀಟಿನ ವಿಷಯ ಇನ್ನೂ ಕೇಳಿಲ್ಲ. ಬಾಯಿಯವರೆಗೆ ಬರುತ್ತದೆ, ಅಲ್ಲೇ ನಿಲ್ಲುತ್ತದೆ. ಜಹೀರ್ ಭಾಯಿ ಊರಿಗೆ ಯಾವಾಗ ಬರುತ್ತಾರೆ?

ನಿನ್ನ
ಜಗದಾ

ಸಿರಾ
20 ಜೂನ್ 1936

ಜಗದಾ,

ಇಷ್ಟು ದಿನ ಬರೆಯಲಿಲ್ಲ ಅಂತ ಮೂರು ಕಾರ್ಡು ಹಾಕಿದ್ದೀಯ. ಇಲ್ಲಿ ಅತ್ತೆಗೆ ಮಂಡಿ ನೋವು, ನನಗೆ ಮಂಡಿ ಒತ್ತುವ ಕೆಲಸ. ಬೇರೇನೂ ಇಲ್ಲ.

ಮಳೆ ಶುರುವಾಯಿತಲ್ಲ, ಇನ್ನು ಮಾವಿನಕಾಯಿ ಬಿಡು. ನೇರಳೆ ಹಣ್ಣು ತರಿಸು. ಉಪ್ಪು ಹಾಕಿ ಕುಲುಕಿ, ಕಿವುಚಿ, ಬೀಜ ತೆಗೆ. ಜೇನುತುಪ್ಪ ಹಾಕು, ಸಕ್ಕರೆ ಬೇಡ. ಚನ್ನರಾಯನದುರ್ಗದ ಬೆಟ್ಟದ ಜೇನು ಮಾರುವವರು ನಿಮ್ಮ ಸಂತೆಗೆ ಬರುತ್ತಾರೆ, ಅದೇ ಆಗಬೇಕು. ಆ ಬಣ್ಣದಲ್ಲಿ ಜಿನ್ ಬಿದ್ದರೆ ನೇರಳೆ ರೇಷ್ಮೆ ಸೀರೆ ನೀರಿಗೆ ಅದ್ದಿದ ಹಾಗೆ ಕಾಣಬೇಕು ಅಂತ ನನಗೆ ಅನ್ನಿಸುತ್ತದೆ. ಇವರಿಗೂ ಹಾಗೇ ಅನ್ನಿಸಿತಂತೆ. ಜಡಿಮಳೆಯ ದಿನಕ್ಕೆ ಶುಂಠಿ, ಕಾಳುಮೆಣಸು, ಬೆಲ್ಲ ಕುದಿಸಿ ಆರಿಸು. ಚಳಿಜ್ವರದ ಕಾಲ, ಕ್ವಿನೈನ್ ನುಂಗುತ್ತಾರಲ್ಲ ಅವರು, ಅದನ್ನೂ ಸೋಡಾದಲ್ಲಿ ಕದಡಿಕೊಟ್ಟರೆ ಒಂದೇ ಲೋಟದಲ್ಲಿ ಎರಡೂ ಮುಗಿಯುತ್ತದೆ.

ಇವರು ಊರಿಗೆ ಬರುವ ವಿಷಯ ಕೇಳಿದ್ದೆ. ಹೋಟೆಲಿನಲ್ಲಿ ರಜೆ ಇಲ್ಲ.

ನೀನು ಕೇಳಿದೆಯೋ ಇಲ್ಲವೋ ಅದನ್ನು ಬರಿ ಮೊದಲು. ಜಿನ್ನಿನ ಹೊಗಳಿಕೆ ನನಗೆ ಸಾಕು.

ಅಖ್ತರ್

ಮಧುಗಿರಿ
10 ಆಗಸ್ಟ್ 1936

ಪ್ರೀತಿಯ ಅಖ್ತರ್,

ನಾವು ಗೆದ್ದೆವು. ನೇರಳೆಯ ಲೋಟವನ್ನು ಡಾಕ್ಟರಮ್ಮ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದರು. ತುಮಕೂರಿನಿಂದ ಅವರ ಸ್ನೇಹಿತರು ಬಂದಿದ್ದರು, ಒಬ್ಬ ಇಂಜಿನಿಯರು, ಅವರ ಹೆಂಡತಿ, ಇನ್ನೊಬ್ಬರು ಪಾದ್ರಿ. ಬಸ್ಸಿನಲ್ಲಿ ಗೋಣಿಚೀಲ ಸುತ್ತಿ ಮರದ ಹೊಟ್ಟಿನೊಳಗೆ ಇಟ್ಟು ಐಸು ತರಿಸಿದ್ದರು. ನಾನು ಮೊದಲ ಸಲ ಐಸು ಒಡೆದೆ. ಅರ್ಧ ಲೋಟಕ್ಕೆ ಬಿತ್ತು, ಅರ್ಧ ನೆಲಕ್ಕೆ. ಪಾದ್ರಿಗಳು ನನಗೆ ಬೇಡ ಬೇಡ ಅನ್ನುತ್ತಲೇ ಶುಂಠಿಯದನ್ನು ಎರಡು ಸಲ ಹಾಕಿಸಿಕೊಂಡರು. ಇಂಜಿನಿಯರ ಹೆಂಡತಿ ಇಂಥದ್ದನ್ನು ಬೆಂಗಳೂರಿನಲ್ಲೂ ಕುಡಿದಿಲ್ಲ ಅಂದರು. "ಇದು ಬೆಂಗಳೂರಿನದೇ, ದೊಡ್ಡ ಹೋಟೆಲಿನ ಬೇರರ್ ಹೇಳಿಕೊಟ್ಟದ್ದು" ಅಂತ ನಾನು ಹೆಮ್ಮೆಯಿಂದ ಹೇಳಿದೆ. ಕ್ವಿನೈನ್ ಲೋಟ ಮಾತ್ರ ಸೋತಿತು. ಕದಡಿದ್ದು ತಳದಲ್ಲೇ ಕೂತು, ಕೊನೆಯ ಗುಟುಕಿಗೆ ಇಂಜಿನಿಯರ ಮುಖ ನೋಡಬೇಕಿತ್ತು.

ಈಗ ಒಂದು ಸಂತೋಷದ ಸುದ್ದಿ. ಸೆಪ್ಟೆಂಬರಿನಲ್ಲಿ ಡಾಕ್ಟರಮ್ಮ ಬೆಂಗಳೂರಿಗೆ ಹೋಗುತ್ತಾರೆ. ಆ ಹೋಟೆಲಿಗೇ ಹೋಗಿ ಜಹೀರ್ ಭಾಯಿಯ ಕೈ ಕುಲುಕಿ ಬರುತ್ತಾರಂತೆ.

ನಿನಗೆ ಹೇಳದೆ ಇಟ್ಟುಕೊಂಡಿದ್ದ ಇನ್ನೊಂದು ವಿಷಯವೂ ಇದೆ. ಅಣ್ಣ ನನಗೆ ಕೂಡಿಕೆ ಮಾಡಬೇಕು ಅಂತ ಗಂಡು ನೋಡಿದ್ದಾನೆ. ನಮ್ಮವರಲ್ಲಿ ಗಂಡ ಸತ್ತವಳನ್ನು ಹಾಗೆ ಇನ್ನೊಬ್ಬರಿಗೆ ಕೊಡುವುದುಂಟು, ತಪ್ಪಲ್ಲ. ಆದರೆ ಈ ಕೊರಟಗೆರೆಯ ಶಂಕರಲಿಂಗಪ್ಪನವರಿಗೆ ನನ್ನ ವಯಸ್ಸಿನ ಮಗಳಿದ್ದಾಳೆ. ಅಡಿಗೆಗೆ ಜನ ಇಲ್ಲ ಅಂತಲೇ ಮದುವೆಯಾಗುತ್ತಿರುವುದು, ಅದನ್ನು ಅವರೇ ಹೇಳಿದ್ದಾರೆ. ದೀಪಾವಳಿಯ ಹೊತ್ತಿಗೆ ನೋಡಲು ಬರುತ್ತಾರೆ. ಹಾಗಾಗಿ ಡಾಕ್ಟರಮ್ಮ ಬೆಂಗಳೂರಿನಿಂದ ಬಂದ ದಿನವೇ ಕೇಳಿಬಿಡುತ್ತೇನೆ. ನನಗೆ ಧೈರ್ಯ ಬಂದಿದೆ ಕಣೇ. ಅವರಿಗೆ ನನ್ನನ್ನು ಕಂಡರೆ ಅಷ್ಟು ಪ್ರೀತಿ.

ನಿನ್ನ
ಜಗದಾ

ಸಿರಾ
14 ಆಗಸ್ಟ್ 1936

ಜಗದಾ,

ಹೋಟೆಲಿಗೆ ಹೋಗಬೇಡಿ ಅಂತ ಡಾಕ್ಟರಮ್ಮನಿಗೆ ಹೇಳು. ಕೆಲಸದ ಹೊತ್ತಿನಲ್ಲಿ ಬೇರರುಗಳನ್ನು ಕರೆದು ಮಾತಾಡಿಸಿದರೆ ಮ್ಯಾನೇಜರು ಬೈಯುತ್ತಾನೆ. ಇವರಿಗೆ ತೊಂದರೆ. ಖಂಡಿತ ಹೇಳು.

ಅಖ್ತರ್

ಮಧುಗಿರಿ
19 ಆಗಸ್ಟ್ 1936

ಅಖ್ತರ್,

ಇಷ್ಟುದ್ದದ ಕಾಗದಕ್ಕೆ ಇಷ್ಟೇ ಉತ್ತರವೇ? ಗಂಡನ ಕೈಯನ್ನು ಬಿಳಿ ಹೆಂಗಸು ಕುಲುಕುತ್ತಾಳೆ ಅಂತ ನಿನಗೆ ಹೊಟ್ಟೆಕಿಚ್ಚು. ಗೊತ್ತು ಬಿಡು. ಅವರಿಗೆ ಐವತ್ತು ದಾಟಿದೆ, ಕೂದಲೆಲ್ಲ ಬೆಳ್ಳಗಾಗಿದೆ, ನೀನು ನಿಶ್ಚಿಂತೆಯಿಂದ ಮಲಗು. ಶಂಕರಲಿಂಗಪ್ಪನವರ ವಿಷಯಕ್ಕೆ ನೀನು ಒಂದು ಮಾತೂ ಬರೆಯಲಿಲ್ಲ, ಅದು ನನಗೆ ನೋವಾಯಿತು.

ಜಗದಾ

ಮಧುಗಿರಿ
21 ಸೆಪ್ಟೆಂಬರ್ 1936

ಅಖ್ತರ್,

ಹೇಗೆ ಶುರು ಮಾಡಬೇಕೋ ತಿಳಿಯುತ್ತಿಲ್ಲ. ಡಾಕ್ಟರಮ್ಮ ಬಂದರು. ಆ ಹೋಟೆಲಿನಲ್ಲಿ ಜಹೀರ್ ಅಹಮದ್ ಅನ್ನುವವರು ಈಗ ಇಲ್ಲವಂತೆ. ಎರಡು ವರ್ಷದ ಹಿಂದೆಯೇ ಕೆಲಸ ಬಿಟ್ಟು ಬೊಂಬಾಯಿಗೆ ಹೋದರಂತೆ, ಅಲ್ಲಿಂದ ಹಡಗಿನ ಕೆಲಸಕ್ಕೆ ಸೇರಿದರು ಅಂತ ಯಾರೋ ಹೇಳಿದರಂತೆ. ನಾನು ಹೊಟ್ಟೆಕಿಚ್ಚು ಅಂತೆಲ್ಲ ಬರೆದೆನಲ್ಲ. ನನ್ನ ಕೈಗೆ ಬರೆ ಹಾಕಬೇಕು. ಹಾಗಾದರೆ ಇಷ್ಟು ದಿನ ನಿನಗೆ ಇದನ್ನೆಲ್ಲ ಹೇಳಿಕೊಟ್ಟವರು ಯಾರು?

ನನ್ನ ಕಥೆಯೂ ಕೇಳು. ಅದೇ ಸಂಜೆ ಡಾಕ್ಟರಮ್ಮ ತಾವೇ ಮಾತೆತ್ತಿದರು. "ಜಗದಾಂಬಾ, ನೀನು ನನ್ನ ಜೊತೆ ಬೆಂಗಳೂರಿಗೆ ಬಾ" ಅಂದರು. ನನ್ನ ಮನಸ್ಸು ಅವರಿಗೆ ಹೇಗೆ ತಿಳಿಯಿತು ಅಂತ ಕಣ್ಣಲ್ಲಿ ನೀರು ಬಂತು. ತರಬೇತಿ ಯಾವಾಗ ಶುರುವಾಗುತ್ತದೆ ಅಂತ ಕೇಳಿದೆ. ಯಾವ ತರಬೇತಿ ಅಂದರು. ಹೇಳಿದೆ, ಎಲ್ಲವನ್ನೂ, ಇಷ್ಟು ದಿನ ನುಂಗಿಕೊಂಡಿದ್ದನ್ನೆಲ್ಲ. ಅವರು ನಕ್ಕರು. ಕೆಟ್ಟ ನಗುವಲ್ಲ, ಪ್ರೀತಿಯ ನಗುವೇ. "ಇಂಥ ಕೈಯನ್ನು ಹೆರಿಗೆ ಕೋಣೆಯಲ್ಲಿ ಹಾಳು ಮಾಡುತ್ತೀಯಾ? ನನ್ನ ಮನೆಯ ಅಡಿಗೆ, ಪಾರ್ಟಿ ಎಲ್ಲ ನಿನ್ನದೇ. ನಿನಗೆ ಬೇರೆ ಕೋಣೆ ಕೊಡುತ್ತೇನೆ."

ಕೊರಟಗೆರೆಯವರಿಗೂ ನನ್ನ ಕೈ ಅಡಿಗೆಗೆ ಬೇಕು, ಇವರಿಗೂ ಅದಕ್ಕೇ ಬೇಕು. ಮನಸ್ಸು ಗೆಲ್ಲುತ್ತೇನೆ ಅಂತ ಹೊರಟೆ, ಗೆದ್ದೂ ಬಿಟ್ಟೆ, ನೋಡು ಏನಾಯಿತು. ದಾರಿಯುದ್ದಕ್ಕೂ ಅಳುತ್ತಾ ಬಂದೆ.

ಜಗದಾ

ಸಿರಾ
24 ಸೆಪ್ಟೆಂಬರ್ 1936

ಜಗದಾ,

ಅಳುವುದನ್ನು ನಿಲ್ಲಿಸಿ ಓದು.

ಹೌದು, ಹೋಗಿದ್ದಾರೆ. ಹೋಗುವಾಗ ಒಂದು ಕಾಗದ ಹಾಕಿದರು, ಅಮ್ಮೀ ಹುಷಾರು ಅಂತ. ನನ್ನ ಹೆಸರು ಅದರಲ್ಲಿರಲಿಲ್ಲ. ಬೀದಿಯವರಿಗೆ ಬೆಂಗಳೂರಿನಲ್ಲೇ ಇದ್ದಾರೆ ಅಂತ ಹೇಳಿಕೊಂಡು ಬಂದೆವು, ನಾನೂ ಅತ್ತೆಯೂ. ನಿನಗೂ ಅದನ್ನೇ ಹೇಳಿದೆ. ನಿನಗೆ ಹೇಳಿದರೆ ಅದು ನಿಜವಾಗಿಬಿಡುತ್ತದೆ ಅಂತ ಹೆದರಿಕೆ. ಶಂಕರಲಿಂಗಪ್ಪನ ವಿಷಯಕ್ಕೆ ಉತ್ತರ ಬರೆಯದಿದ್ದದ್ದೂ ಅದಕ್ಕೇ. ಆ ದಿನ ನನಗೆ ನನ್ನ ಭಯ ಬಿಟ್ಟು ಬೇರೇನೂ ಕಾಣಲಿಲ್ಲ.

ಹೇಳಿಕೊಟ್ಟವರು ಯಾರು ಅಂತ ಕೇಳಿದೆಯಲ್ಲ. ಯಾರೂ ಇಲ್ಲ, ನಾನೇ. ಬೇವಿನ ಹೂವು ನನ್ನದು, ನೇರಳೆ ನನ್ನದು, ಪುದೀನಕ್ಕೆ ಅಂಗೈ ಏಟು ನನ್ನದು. ಅವರು ಊರಿಗೆ ಬಂದಾಗ ಹೇಳುತ್ತಿದ್ದ ಎರಡು ಮೂರು ಮಾತು, ಅತ್ತೆಯ ಶರಬತ್ತು, ಅಷ್ಟೇ ನನ್ನ ಬಂಡವಾಳ. ಪರದೆಯೊಳಗೆ ಕೂತ ಸಿರಾದ ಗೋಷಾ ಹೆಂಗಸು ಜಿನ್ನಿಗೆ ಜೊತೆ ಹೇಳಿಕೊಡುತ್ತಾಳೆ ಅಂದರೆ ನಿನ್ನ ಡಾಕ್ಟರಮ್ಮ ಕುಡಿಯುತ್ತಿದ್ದರೇ? ಹೋಟೆಲ್ ಬೇರರ್ ಅಂದದ್ದಕ್ಕೆ ಕುಡಿದರು. ಒಂದೊಂದು ಕಾಗದ ಬಂದಾಗಲೂ ನಾನು ಒಲೆ ಮುಂದೆ ಕೂತು, ಒಬ್ಬಳೇ, ಎಷ್ಟು ಸಂತೋಷಪಟ್ಟೆ ಗೊತ್ತಾ? ಪಾದ್ರಿ ಎರಡು ಸಲ ಹಾಕಿಸಿಕೊಂಡರು ಅನ್ನುವುದನ್ನು ನಾನು ಎಷ್ಟು ಸಲ ಓದಿದೆನೋ. ನನ್ನ ಗಂಡನನ್ನು ನೀನು ಹೊಗಳುವಾಗಲೆಲ್ಲ ನಿನ್ನ ಜುಟ್ಟು ಹಿಡಿದು ಅಲ್ಲಾಡಿಸಬೇಕು ಅನ್ನಿಸುತ್ತಿತ್ತು.

ಈಗ ನನ್ನ ಮಾತು ಕೇಳು, ಇದನ್ನು ಅವರಿಗೆ ಹೇಳಬೇಡ. ನಿನ್ನ ಕೈ ಅಂತ ತಾನೇ ಅವರು ನಿನ್ನನ್ನು ಇಟ್ಟುಕೊಳ್ಳುತ್ತಿರುವುದು. ಅದೂ ಇಲ್ಲ ಅಂದರೆ ನಿನಗೆ ಕೊರಟಗೆರೆಯೇ ಗತಿ. ಅಡಿಗೆಯವಳಾಗಿಯಾದರೂ ಬೆಂಗಳೂರಿಗೆ ಹೋಗು. ಅಲ್ಲಿ ಹೋದ ಮೇಲೆ ನೋಡೋಣ. ದೀಪಾವಳಿಗೆ ದಾಳಿಂಬೆ ತೆಗೆದುಕೋ. ಕಾಳು ಜಜ್ಜಬೇಡ, ಬಟ್ಟೆಯಲ್ಲಿ ಕಟ್ಟಿ ಹಿಂಡು, ಜಜ್ಜಿದರೆ ಒಗರು. ಹುರಿದ ಜೀರಿಗೆ ಒಂದೆರಡು ಕಾಳು.

ಅಖ್ತರ್

ಮಧುಗಿರಿ
19 ನವೆಂಬರ್ 1936

ನನ್ನ ಅಖ್ತರ್,

ನೀನು ಹೇಳಬೇಡ ಅಂದೆ. ನಾನು ಹೇಳಿಬಿಟ್ಟೆ.

ದೀಪಾವಳಿಗೆ ತುಮಕೂರಿನವರು ಮತ್ತೆ ಬರುವವರಿದ್ದರು. ದಾಳಿಂಬೆ ಹಿಂಡಿಟ್ಟು, ಲೋಟ ಜೋಡಿಸಿ, ಡಾಕ್ಟರಮ್ಮನ ಮುಂದೆ ನಿಂತೆ. ಇದು ಸಿರಾದ ಅಖ್ತರ್ ಬೇಗಂ ಹೇಳಿದ ಪಾನಕ, ಮೊದಲಿನಿಂದ ಎಲ್ಲವೂ ಅವಳದೇ, ಅವಳ ಗಂಡನದಲ್ಲ, ನನ್ನದೂ ಅಲ್ಲ ಅಂದೆ. ಎರಡು ವರ್ಷದಿಂದ ನಿನ್ನ ಹೆಸರನ್ನು ಯಾರೂ ಬರೆಯದಿದ್ದರೆ ನಾನಾದರೂ ಒಂದು ಸಲ ಗಟ್ಟಿಯಾಗಿ ಹೇಳಬೇಕು ಅನ್ನಿಸಿತು.

ಅವರಿಗೆ ಸಿಟ್ಟು ಬಂತು. ಬಿಳಿ ಮುಖ ಕೆಂಪಗಾಯಿತು.

"ಹಾಗಾದರೆ ಇಷ್ಟು ತಿಂಗಳು ಇಲ್ಲಿ ನೀನು ಏನು ಮಾಡುತ್ತಿದ್ದೆ?"

"ನಿಮ್ಮ ಮುಖ ನೋಡುತ್ತಿದ್ದೆ" ಅಂದೆ. ಯೋಚಿಸಿ ಆಡಿದ ಮಾತಲ್ಲ, ಬಾಯಿಗೆ ಬಂದದ್ದು. "ನನಗೆ ರುಚಿ ನೋಡುವಂತಿಲ್ಲ. ಅದಕ್ಕೆ ನಿಮ್ಮ ಮುಖದಲ್ಲಿ ನೋಡುತ್ತಿದ್ದೆ. ಹುಳಿ ಹೆಚ್ಚಾದರೆ ನಿಮ್ಮ ಎಡ ಹುಬ್ಬು ಏರುತ್ತದೆ. ಸಿಹಿ ಹೆಚ್ಚಾದರೆ ಕುಡಿಯುವುದು ಬಿಟ್ಟು ಮಾತಾಡುತ್ತೀರಿ. ಆಸ್ಪತ್ರೆಯಲ್ಲಿ ಯಾರಾದರೂ ತೀರಿಕೊಂಡ ದಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತೀರಿ. ಆ ದಿನ ನಾನು ಬೆಲ್ಲ ಒಂದಿಷ್ಟು ಹೆಚ್ಚು ಹಾಕುತ್ತೇನೆ."

ಹೊರಗೆ ಮೋಟಾರು ನಿಂತ ಸದ್ದಾಯಿತು, ಅತಿಥಿಗಳು ಬಂದರು. ಎದ್ದು ಹೋಗುವಾಗ ಇಷ್ಟೇ ಹೇಳಿದರು, "ನಾಳೆ ಬೆಳಿಗ್ಗೆ ವಾರ್ಡಿಗೆ ಬಾ."

ಹೋದೆ. ಅಂದಿನಿಂದ ದಿನವೂ ಹೋಗುತ್ತಿದ್ದೇನೆ ಅಖ್ತರ್. ದೊಡ್ಡೇರಿಯಿಂದ ಬಂದ ಒಬ್ಬಳು, ಚೊಚ್ಚಲು, ಏನು ಕೇಳಿದರೂ ಗೋಡೆ ನೋಡುತ್ತಾಳೆ. "ನೋಯ್ತೈತೇನವ್ವಾ?" ಅಂತ ಡಾಕ್ಟರಮ್ಮ ಕೇಳಿದರೆ ಇಲ್ಲ ಅಂತ ತಲೆ ಆಡಿಸುತ್ತಾಳೆ. ನಾನು ಅವಳ ತುಟಿ ನೋಡಿ, "ಇಲ್ಲ ಅಂತಾಳೆ, ಆದ್ರೆ ಈಗ ಬತ್ತಾ ಐತೆ ನೋವು" ಅಂದೆ. ಬಂತು. ಆಮೇಲೆ ನನ್ನ ಕೈ ಹಿಡಿದವಳು ಮಗುವಾಗುವವರೆಗೂ ಬಿಡಲಿಲ್ಲ, ಬೆರಳೆಲ್ಲ ಜೋಮು ಹಿಡಿಯಿತು. ನನಗೆ ಆದ ಸಂತೋಷವನ್ನು ಬರೆಯಲು ಬರುವುದಿಲ್ಲ.

ಈ ಮಧ್ಯೆ ಕೊರಟಗೆರೆಯವರು ಬಂದಾಗ ನಾನು ವಾರ್ಡಿನಲ್ಲಿದ್ದೆ. ಅಣ್ಣ ಹೇಳಿ ಕಳಿಸಿದರೂ ಬರಲಾಗಲಿಲ್ಲ. ಶಂಕರಲಿಂಗಪ್ಪನವರು ಎದ್ದು, "ಆಸ್ಪತ್ರೆ ಗಲೀಜು ಬಾಚೋಳು ನಮ್ಮನೆ ಒಲೆ ಮುಟ್ಟೋದು ಬ್ಯಾಡ ಬುಡಿ" ಅಂದು ಹೊರಟುಹೋದರಂತೆ. ಅಣ್ಣ ಅಂದಿನಿಂದ ನನ್ನ ಜೊತೆ ಮಾತಾಡುತ್ತಿಲ್ಲ. ಡಾಕ್ಟರಮ್ಮ ಬೆಂಗಳೂರಿಗೆ ಬರೆದಿದ್ದಾರೆ, ಉತ್ತರ ಬಂದಿಲ್ಲ. ಸೀಟು ಸಿಗದಿದ್ದರೆ ನನಗೆ ಇತ್ತ ಅಣ್ಣನ ಮನೆಯೂ ಇಲ್ಲ, ಅತ್ತ ಕೊರಟಗೆರೆಯೂ ಇಲ್ಲ. ಆದರೂ ನನಗೆ ಹೆದರಿಕೆಯಾಗುತ್ತಿಲ್ಲ. ಇದು ಹುಚ್ಚೇ ಇರಬೇಕು.

ನಿನ್ನ
ಜಗದಾ

ಸಿರಾ
11 ಡಿಸೆಂಬರ್ 1936

ಜಗದಾ,

ನೀನು ನನ್ನ ಮಾತು ಯಾವತ್ತು ಕೇಳಿದ್ದೀಯ? ಸ್ಕೂಲಿನಲ್ಲೂ ಹೀಗೇ ಇದ್ದೆ. ನಿನ್ನ ಕಾಗದ ಓದಿ ಬೈಯಬೇಕು ಅಂತ ಕೂತೆ, ಬೈಯಲು ಆಗಲಿಲ್ಲ. ನನ್ನ ಹೆಸರು ಹೇಳಿದೆಯಲ್ಲ, ಅದು ಸಾಕು ನನಗೆ.

ನಿನ್ನೆ ನಮ್ಮ ಬೀದಿಗೆ ಕಾರು ಬಂತು. ರಂಜಾನಿನ ಕೊನೆಯ ದಿನಗಳು, ಉಪವಾಸ. ನಾನು ರೋಜ್ ಶರಬತ್ತಿಗೆ ಕಾಮಕಸ್ತೂರಿ ಬೀಜ ನೆನೆಹಾಕುತ್ತಿದ್ದೆ. "ಯಾರ್ ಬಂದವ್ರೆ ನೋಡು ಬೇಟಿ" ಅಂದರು ಅತ್ತೆ. ಪರದೆ ಸರಿಸಿದರೆ, ಬೆಳ್ಳನೆಯ ಕೂದಲಿನ ಬಿಳಿ ಹೆಂಗಸು.

"ಶರಬತ್ತು ಮಾಡೋಳು ನೀನೇನವ್ವಾ? ನಿನ್ನ ನೋಡಾಕೇ ಬಂದಿವ್ನಿ."

ಜಗದಾ, ನೀನು ಅವರಿಗೆ ಯಾವ ಕನ್ನಡ ಕಲಿಸಿದ್ದೀಯೇ? ಅತ್ತೆ ನಕ್ಕು ನಕ್ಕು ಮಂಡಿ ನೋವು ಮರೆತರು. ಅವರು ನಮ್ಮ ಚಾಪೆ ಮೇಲೆಯೇ ಕೂತರು. ಉಪವಾಸದ ಮನೆಯಲ್ಲಿ ತಾನೊಬ್ಬಳೇ ಕುಡಿಯುವುದಿಲ್ಲ ಅಂತ ಸಂಜೆಯವರೆಗೆ ಕಾದು, ನಮ್ಮ ಜೊತೆಗೇ ಕುಡಿದರು. ಜಿನ್ ಇಲ್ಲದೆ. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ನೀನು ಬರೆದದ್ದು ನಿಜ, ಸರಿಯಾಗಿದ್ದರೆ ಸುಮ್ಮನಿರುತ್ತಾರೆ.

ಆಮೇಲೆ ಕೇಳಿದರು, ಬೆಂಗಳೂರಿಗೆ ಬರುತ್ತೀಯಾ ಅಂತ. ಬಾಟಲಿ ಮುಟ್ಟುವುದಿಲ್ಲ ಅಂದೆ. ಅದನ್ನು ಜಗದಾಂಬ ಹತ್ತು ತಿಂಗಳು ಮುಟ್ಟಿಲ್ಲ, ಅಭ್ಯಾಸವಾಗಿದೆ ಅಂದರು. ಅತಿಥಿಗಳು ಕೇಳಿದರೆ ನನ್ನ ಹೆಸರು ಹೇಳಬೇಕು, ಯಾರದೋ ಹೆಂಡತಿ ಅನ್ನಬಾರದು ಅಂದೆ. ಒಪ್ಪಿದರು. ಅತ್ತೆಯನ್ನು ಬಿಟ್ಟು ಬರುವುದಿಲ್ಲ ಅಂತ ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಅವ್ನು ಹೋದ. ನೀನು ನನ್ ಕಾಲು ಒತ್ಕೊಂಡು ಇಲ್ಲೇ ಮುದ್ಕಿ ಆಯ್ತೀಯಾ? ನಾನೂ ಬತ್ತೀನಿ, ನಡಿ" ಅಂದರು. ಮಗನ ವಿಷಯ ಆ ಮನೆಯಲ್ಲಿ ಗಟ್ಟಿಯಾಗಿ ಆಡಿದ್ದು ಅದೇ ಮೊದಲು. ನಾನು ಎದ್ದು ಒಳಗೆ ಹೋಗಿ ಅತ್ತು ಬಂದೆ.

ನಿನ್ನ ಸೀಟಿನ ವಿಷಯ ಕೇಳಿದೆ. "ಅವಳನ್ನ ಅಡ್ಗೆ ಮನೆಗೆ ಕರೆದೆ, ನಂಗೆ ಬುದ್ಧಿ ಇರ್ಲಿಲ್ಲ" ಅಂದರು. ಉತ್ತರ ಮಾತ್ರ ಇನ್ನೂ ಬಂದಿಲ್ಲವಂತೆ. ನಾನು ದುವಾ ಮಾಡುತ್ತಿದ್ದೇನೆ. ಉಪವಾಸದಲ್ಲಿ ಮಾಡಿದ್ದು ಬೇಗ ತಲುಪುತ್ತದೆ.

ಅಖ್ತರ್

ಮಧುಗಿರಿ
6 ಜನವರಿ 1937

ಅಖ್ತರ್, ಸಿಕ್ಕಿತು. ಸೀಟು ಸಿಕ್ಕಿತು. ವಾರ್ಡಿನ ಮಧ್ಯೆಯೇ ಡಾಕ್ಟರಮ್ಮ ನನ್ನ ಎರಡೂ ಕೈ ಹಿಡಿದು ಕುಲುಕಿದರು, ಬಾಣಂತಿಯರೆಲ್ಲ ನೋಡುತ್ತಿದ್ದರು. ಬೇರೇನೂ ಬರೆಯಲಾರೆ. ನಿನ್ನ ಅತ್ತೆಗೆ ನನ್ನ ನಮಸ್ಕಾರ ಹೇಳು, ನಿನಗೆ ಏನು ಹೇಳಬೇಕೋ ಗೊತ್ತಿಲ್ಲ.

ಜಗದಾ

ಬೆಂಗಳೂರು
3 ಮಾರ್ಚ್ 1937

ಅಖ್ತರ್,

ಒಂದೇ ಊರಿನಲ್ಲಿದ್ದು ಕಾಗದ ಬರೆಯುವ ಕರ್ಮ ನೋಡು. ಹಾಸ್ಟೆಲಿನವರು ಹೊಸಬರನ್ನು ಇಷ್ಟು ದಿನ ಹೊರಗೇ ಬಿಡಲಿಲ್ಲ. ನೀನು ಡಾಕ್ಟರಮ್ಮನ ಮನೆಗೆ ಬಂದು ಇಳಿದ ಸುದ್ದಿ ಕೇಳಿದಾಗಿನಿಂದ ನನ್ನ ಕಾಲು ನೆಲದ ಮೇಲಿಲ್ಲ. ನಿನ್ನ ಹುಣಸೆಹಣ್ಣಿನ ಲೋಟ ಕುಡಿದು ಯಾರೋ ಕರ್ನಲ್ ಅಡಿಗೆಮನೆ ಬಾಗಿಲಿಗೇ ಬಂದು ನಿನಗೆ ಸಲಾಂ ಹೊಡೆದರಂತೆ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಲ್ಲರಿಗೂ ಹೇಳುತ್ತಿದ್ದರು, ಅಖ್ತರ್ ಬೇಗಂ, ಅಖ್ತರ್ ಬೇಗಂ ಅಂತ.

ನಾನು ಹೊರಟ ದಿನದ ವಿಷಯ ನಿನಗೆ ಹೇಳಿಲ್ಲ. ಬಸ್ಸು ಹೊರಡುವವರೆಗೂ ಅಣ್ಣ ಬರಲಿಲ್ಲ. ಹೊರಟ ಮೇಲೆ ಅಂಗಡಿಯಿಂದ ಓಡಿ ಬಂದು ಬಸ್ಸು ನಿಲ್ಲಿಸಿದ, ಕಂಕುಳಲ್ಲಿ ಒಂದು ಬಟ್ಟೆ ಗಂಟು. "ಆಸ್ಪತ್ರೇಲಿ ಬಿಳೀ ಸೀರೇನೇ ಉಡ್ಬೇಕಂತಲ್ಲ, ತಗಾ. ಅಲ್ಲೆಲ್ಲಾ ಕೊಳ್ಳಾಕೋಗ್ಬ್ಯಾಡ, ಮೋಸ ಮಾಡ್ತಾರೆ" ಅಂದು, ನನ್ನ ಮುಖ ನೋಡದೆ ಹಿಂದಿರುಗಿ ಹೋದ. ಆ ಸೀರೆಯನ್ನೇ ಈಗ ಉಟ್ಟಿದ್ದೇನೆ.

ನಿನ್ನೆ ಬೆಳಿಗ್ಗೆ ನನ್ನ ಕೈಯಲ್ಲೇ ಒಂದು ಮಗು ಹುಟ್ಟಿತು. ದೊಡ್ಡ ನರ್ಸಮ್ಮ ಪಕ್ಕದಲ್ಲಿದ್ದರು, ಆದರೆ ಮೊದಲು ಹಿಡಿದದ್ದು ನಾನು. ಹೆಣ್ಣು ಮಗು, ಹುಟ್ಟಿದ ತಕ್ಷಣ ಊರಿಗೆಲ್ಲ ಕೇಳುವಂತೆ ಬೈಯತೊಡಗಿತು. ನಿನ್ನ ನೆನಪಾಯಿತು. ತಾಯಿ ನನ್ನನ್ನು ಡಾಕ್ಟರಮ್ಮ ಅಂತ ಕರೆದಳು. ನಾನಲ್ಲ ಅಂತ ಹೇಳಬೇಕಾಗಿತ್ತು, ಹೇಳಲಿಲ್ಲ ಕಣೇ.

ಈ ಭಾನುವಾರ ರಜೆ ಕೊಟ್ಟಿದ್ದಾರೆ. ನಾವು ಎದುರೆದುರು ಕೂತು ಐದು ವರ್ಷವಾಯಿತು. ಬರುತ್ತೇನೆ, ಆದರೆ ನನಗಾಗಿ ಏನೂ ಬೆರೆಸಬೇಡ, ಏನೂ ಹಿಂಡಬೇಡ, ಒಲೆ ಮುಂದೆ ನಿಲ್ಲಬೇಡ. ಬಾಗಿಲು ತೆಗೆದಿಡು. ಒಂದು ಲೋಟ ನೀರು ಕೊಡು, ಸಾಕು.

ಜಗದಾ